ಒಬ್ಬನೇ ಕೇಳುಗನಿಗೆಂದು ಮಾತನಾಡಿದ ಆರ್ಥರ್ ಗಾಡ್‌ಫ್ರೆ

ಬೆಳಗಿನ ಆರರಿಂದ ಒಂಬತ್ತರವರೆಗಿನ ಅವಧಿ ರೇಡಿಯೊ ಕೇಂದ್ರಗಳ ಪಾಲಿಗೆ ಅತ್ಯಂತ ಬೆಲೆಬಾಳುವ ಹೊತ್ತು. ಜನ ಹಲ್ಲುಜ್ಜುತ್ತ, ಕಾಫಿ ಕಾಯಿಸುತ್ತ, ಮಕ್ಕಳನ್ನು ಶಾಲೆಗೆ ಹೊರಡಿಸುತ್ತ ಕಿವಿಯನ್ನಷ್ಟೇ ರೇಡಿಯೊಗೆ ಕೊಟ್ಟಿರುತ್ತಾರೆ. 2001ರಲ್ಲಿ ಬೆಂಗಳೂರಿನಲ್ಲಿ ಖಾಸಗಿ ಎಫ್‌ಎಂ ಆರಂಭವಾದಾಗ, ಆಕಾಶವಾಣಿಯ ಅಳೆದು ತೂಗಿದ ಉದ್ಘೋಷಣೆಗೆ ಒಗ್ಗಿದ್ದ ಕಿವಿಗಳಿಗೆ ಬೆಳಗಿನ ನಿರೂಪಕರ ಹರಟೆ ಹೊಸದೆನಿಸಿತ್ತು. ಆದರೆ ಆ ಧಾಟಿಗೆ ಆಗಲೇ ಎಪ್ಪತ್ತು ವರ್ಷ ತುಂಬುತ್ತಿತ್ತು. ಅದನ್ನು ರೂಢಿಗೆ ತಂದವರಲ್ಲಿ ಪ್ರಮುಖನೆಂದು ಬಾನುಲಿಯ ಚರಿತ್ರಕಾರರು ಹೆಸರಿಸುವುದು ಅಮೆರಿಕದ ಆರ್ಥರ್ ಗಾಡ್‌ಫ್ರೆಯನ್ನು. ಮೈಕಿನ ಮುಂದೆ ಕುಳಿತು ಆತ ಗಳಿಸಿದಷ್ಟು ನಂಬಿಕೆಯನ್ನು ಗಳಿಸಿದವರು ವಿರಳ. ಅದೇ ಮೈಕಿನ ಮುಂದೆ, ಕೆಲವೇ ಕ್ಷಣಗಳಲ್ಲಿ, ಅದನ್ನು ಆತನಷ್ಟು ದೊಡ್ಡ ಪ್ರಮಾಣದಲ್ಲಿ ಕಳೆದುಕೊಂಡವರು ಇನ್ನೂ ವಿರಳ.

ಗಾಡ್‌ಫ್ರೆ ಹುಟ್ಟಿದ್ದು 1903ರ ಆಗಸ್ಟ್ 31ರಂದು, ನ್ಯೂಯಾರ್ಕ್ ನಗರದಲ್ಲಿ. ಐವರು ಮಕ್ಕಳಲ್ಲಿ ಹಿರಿಯ. ಬೆಳೆದದ್ದು ನೆರೆಯ ನ್ಯೂಜೆರ್ಸಿಯ ಹ್ಯಾಸ್‌ಬ್ರೂಕ್ ಹೈಟ್ಸ್‌ನಲ್ಲಿ. ತಂದೆ ಇಂಗ್ಲೆಂಡ್ ಮೂಲದವರು. ಕ್ರೀಡೆಯ ಬಗ್ಗೆ, ವಿಶೇಷವಾಗಿ ಕುದುರೆಗಳ ಬಗ್ಗೆ ಬರೆಯುತ್ತಿದ್ದ ಪತ್ರಕರ್ತರು. ಬೀದಿಗಳಲ್ಲಿ ಕುದುರೆಯ ಕಾಲ ಮುಗಿದು ಮೋಟಾರಿನ ಕಾಲ ಬಂದಂತೆ ಅವರ ಸಂಪಾದನೆಯೂ ಸೊರಗಿತು. ಮನೆಯ ಬಡತನ ಎಷ್ಟಿತ್ತೆಂದರೆ, ಉಣ್ಣುವ ಬಾಯಿ ಒಂದಾದರೂ ಕಡಿಮೆಯಾಗಲೆಂದು ಹುಡುಗ ಹದಿಹರೆಯದಲ್ಲಿಯೇ ಮನೆ ಬಿಟ್ಟ. ಸಿಕ್ಕಸಿಕ್ಕ ಕೆಲಸ ಮಾಡಿದ ಬಳಿಕ 1920ರಲ್ಲಿ ನೌಕಾಪಡೆ ಸೇರಿ ನಾಲ್ಕು ವರ್ಷ ಹಡಗುಗಳಲ್ಲಿ ರೇಡಿಯೊ ಸಂದೇಶಗಳನ್ನು ನಿರ್ವಹಿಸಿದ. ಅಲ್ಲಿಂದ ಹೊರಬಂದು ಮನೆಮನೆಗೆ ತೆರಳಿ ಸ್ಮಶಾನದ ನಿವೇಶನಗಳನ್ನು ಮಾರಿದ್ದೂ ಉಂಟು. ಬದುಕಿರುವವನ ಕೈಯಲ್ಲಿ ತನ್ನದೇ ಸಮಾಧಿಗೆ ಜಾಗ ಕೊಳ್ಳುವಂತೆ ಮಾಡುವುದು ಸುಲಭದ ವ್ಯಾಪಾರವಲ್ಲ. ಮಾತಿನಿಂದ ಮನವೊಲಿಸುವ ಕಲೆಯ ಮೊದಲ ಪಾಠ ಆತನಿಗೆ ಬಹುಶಃ ಅಲ್ಲಿಯೇ ಸಿಕ್ಕಿರಬೇಕು.

1927ರಲ್ಲಿ ಗಾಡ್‌ಫ್ರೆ ಕರಾವಳಿ ರಕ್ಷಣಾ ಪಡೆಗೆ ಸೇರಿದ. ಬಾಲ್ಟಿಮೋರ್‌ನಲ್ಲಿ ಕೆಲಸದಲ್ಲಿದ್ದಾಗ, 1929ರಲ್ಲಿ, ಸ್ಥಳೀಯ ಡಬ್ಲ್ಯುಎಫ್‌ಬಿಆರ್ ರೇಡಿಯೊ ಕೇಂದ್ರದ ಹವ್ಯಾಸಿಗಳ ಕಾರ್ಯಕ್ರಮದಲ್ಲಿ ಬ್ಯಾಂಜೊ ನುಡಿಸಿ ಹಾಡಲು ಸ್ನೇಹಿತರು ಆತನನ್ನು ದೂಡಿದರು. ಕೇಂದ್ರದವರಿಗೆ ಆತನ ಹಾಡಿಗಿಂತ ಹಾಡುಗಳ ನಡುವಿನ ಮಾತು ಹಿಡಿಸಿತು. ಉದ್ಘೋಷಕನ ಕೆಲಸ ಸಿಕ್ಕಿತು. ಮರುವರ್ಷ ರಾಜಧಾನಿ ವಾಷಿಂಗ್ಟನ್‌ಗೆ ತೆರಳಿ ಎನ್‌ಬಿಸಿ ಜಾಲದ ಡಬ್ಲ್ಯುಆರ್‌ಸಿ ಕೇಂದ್ರದಲ್ಲಿ ಉದ್ಘೋಷಕನಾದ. ಅಂದಿನ ಎಲ್ಲ ಉದ್ಘೋಷಕರಂತೆಯೇ ಆತನೂ ಮಾತನಾಡುತ್ತಿದ್ದ: ಗಂಟಲು ಸರಿಪಡಿಸಿಕೊಂಡು, ಸಭೆಯೊಂದನ್ನು ಉದ್ದೇಶಿಸಿದಂತೆ, ಪ್ರತಿ ಅಕ್ಷರಕ್ಕೂ ಇಸ್ತ್ರಿ ಹಾಕಿದಂತೆ.

1931ರಲ್ಲಿ ವಿಮಾನ ಚಾಲನೆ ಕಲಿಯಲು ಕಾರಿನಲ್ಲಿ ಹೊರಟಿದ್ದಾಗ ಎದುರಿನಿಂದ ಬಂದ ಟ್ರಕ್ಕೊಂದು ಗಾಡ್‌ಫ್ರೆಯ ಕಾರಿಗೆ ಅಪ್ಪಳಿಸಿತು. ಸೊಂಟ ಮತ್ತು ಮೊಣಕಾಲಿನ ಮೂಳೆಗಳು ಮುರಿದವು. ಆ ಅಪಘಾತದ ನೋವು ಜೀವನಪೂರ್ತಿ ಆತನನ್ನು ಬಿಡಲಿಲ್ಲ. ಆದರೆ ಆತನ ವೃತ್ತಿಜೀವನದ ನಿಜವಾದ ಆರಂಭವೂ ಅದೇ. ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚದಲ್ಲಿ ಅಲುಗಾಡದೆ ಮಲಗಿದ್ದವನಿಗೆ ರೇಡಿಯೊ ಬಿಟ್ಟರೆ ಬೇರೆ ಸಂಗಾತಿ ಇರಲಿಲ್ಲ. ಅದುವರೆಗೆ ಮೈಕಿನ ಈಚೆಗಷ್ಟೇ ಇದ್ದವನು ಮೊದಲ ಬಾರಿಗೆ ಕೇಳುಗನಾದ. ದಿನವಿಡೀ ಕೇಳುತ್ತ ಹೋದಂತೆ ಒಂದು ಸಂಗತಿ ಆತನಿಗೆ ಹೊಳೆಯಿತು. ರೇಡಿಯೊದಲ್ಲಿ ಮಾತನಾಡುವವರೆಲ್ಲರೂ ತಮ್ಮ ಎದುರಿಗೆ ಸಾವಿರಾರು ಜನರ ಸಭೆಯಿದೆ ಎಂದು ಭಾವಿಸಿ ಮಾತನಾಡುತ್ತಾರೆ. ಕೇಳುವ ಕಡೆಯಲ್ಲಿ ಮಾತ್ರ ಅಂತಹ ಸಭೆಯೇ ಇಲ್ಲ. ಇರುವುದು ಮಂಚದ ಮೇಲೆ ಮಲಗಿದ ಒಬ್ಬ ರೋಗಿ, ಅಡುಗೆಮನೆಯಲ್ಲಿ ನಿಂತ ಒಬ್ಬ ಗೃಹಿಣಿ, ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿರುವ ಒಬ್ಬ ಗುಮಾಸ್ತ. ತಮ್ಮೊಡನೆ ಯಾರೂ ಮಾತನಾಡುತ್ತಿಲ್ಲ ಎಂಬುದು ಆ ಒಬ್ಬೊಬ್ಬರಿಗೂ ಗೊತ್ತು.

ಇನ್ನು ಮುಂದೆ ಒಬ್ಬನೇ ಕೇಳುಗನೊಡನೆ ಮಾತನಾಡಬೇಕು ಎಂದು ಗಾಡ್‌ಫ್ರೆ ತೀರ್ಮಾನಿಸಿದ. ಕೇಳಲು ಇದು ಸಣ್ಣ ಮಾತು. ಆದರೆ ಅದಕ್ಕಾಗಿ ಆತ ಕಲಿತದ್ದನ್ನೆಲ್ಲ ಮರೆಯಬೇಕಾಯಿತು. ವಾಕ್ಯಗಳನ್ನು ಪೂರ್ಣಗೊಳಿಸದೆ ಬಿಡುವುದು, ನಡುವೆ ನಿಲ್ಲಿಸಿ ಯೋಚಿಸುವುದು, ಆಕಳಿಸುವುದು, ತಾನೇ ಹಾಕಿದ ಹಾಡಿಗೆ ಹಿನ್ನೆಲೆಯಲ್ಲಿ ಗುನುಗುವುದು, ಬರೆದುಕೊಟ್ಟ ಹಾಳೆಯನ್ನು ಬದಿಗಿಟ್ಟು ತೋಚಿದ್ದನ್ನು ಹೇಳುವುದು, ಹೀಗೆ ಅಂದಿನ ಉದ್ಘೋಷಕನ ಪಾಲಿಗೆ ಅಪರಾಧವಾಗಿದ್ದುದೆಲ್ಲ ಆತನ ಶೈಲಿಯಾಯಿತು. ಆಳವಾದ, ಸ್ವಲ್ಪ ಸೋಮಾರಿತನ ಬೆರೆತ ಧ್ವನಿ ಅದಕ್ಕೆ ಒಪ್ಪುತ್ತಿತ್ತು.

ಡಬ್ಲ್ಯುಆರ್‌ಸಿಯೊಂದಿಗಿನ ಸಂಬಂಧ ಹಳಸಿದ ಮೇಲೆ ಆತ ಸೇರಿದ್ದು ವಾಷಿಂಗ್ಟನ್‌ನಲ್ಲಿಯೇ ಇದ್ದ ಸಿಬಿಎಸ್ ಜಾಲದ ಡಬ್ಲ್ಯುಜೆಎಸ್‌ವಿ ಕೇಂದ್ರವನ್ನು. ಅಲ್ಲಿ ನಡೆಸಿದ ಬೆಳಗಿನ ಕಾರ್ಯಕ್ರಮದ ಹೆಸರು 'ಸನ್‌ಡಯಲ್', ಅಂದರೆ ನೆರಳು ನೋಡಿ ಹೊತ್ತು ಹೇಳುವ ಬಿಸಿಲು ಗಡಿಯಾರ. ಗ್ರಾಮೊಫೋನ್ ತಟ್ಟೆಗಳು, ಗಂಟೆ ಎಷ್ಟೆಂಬ ಸೂಚನೆ, ಹವಾಮಾನ, ಜಾಹೀರಾತು, ಇವುಗಳ ನಡುವೆ ಗಾಡ್‌ಫ್ರೆಯ ಗೊಣಗಾಟ ಮತ್ತು ನಗು. ಬೇಗ ಏಳಬೇಕಾದ ತನ್ನ ಕರ್ಮವನ್ನು ಆತ ಮುಚ್ಚಿಡುತ್ತಿರಲಿಲ್ಲ. ಸರ್ಕಾರಿ ನೌಕರರಿಂದ ತುಂಬಿದ್ದ ವಾಷಿಂಗ್ಟನ್‌ಗೆ ತನ್ನಂತೆಯೇ ನಿದ್ದೆಗಣ್ಣಿನ ಮನುಷ್ಯನೊಬ್ಬ ರೇಡಿಯೊದಲ್ಲಿ ಸಿಕ್ಕಿದ್ದ.

ಮಧ್ಯಮ ತರಂಗದ ಪ್ರಸಾರ ರಾತ್ರಿಯ ವೇಳೆ ಹಗಲಿಗಿಂತ ಬಹುದೂರ ತಲುಪುತ್ತದೆ. 1934ರಲ್ಲಿ ಗಾಡ್‌ಫ್ರೆ ರಾತ್ರಿಯಿಡೀ ನಡೆಸಿಕೊಟ್ಟ ಪ್ರಸಾರವೊಂದು ನ್ಯೂಯಾರ್ಕ್‌ನ ಪ್ರಸಿದ್ಧ ಅಂಕಣಕಾರ ವಾಲ್ಟರ್ ವಿಂಚೆಲ್‌ನ ಕಿವಿಗೆ ಬಿತ್ತು. ವಿಂಚೆಲ್ ತನ್ನ ಅಂಕಣದಲ್ಲಿ ಆತನನ್ನು ಹೊಗಳಿದ. ರಾಷ್ಟ್ರೀಯ ಜಾಲಗಳ ಗಮನ ಒಮ್ಮೆ ಇತ್ತ ಹರಿಯಿತಾದರೂ ಶಾಶ್ವತವಾದ ಅವಕಾಶ ಒದಗಲಿಲ್ಲ. ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಆತ ಮುಖ್ಯವಾಗಿ ಬೆಳಗಿನ ನಿರೂಪಕನಾಗಿಯೇ ಉಳಿದ.

ಈ ವರ್ಷಗಳಲ್ಲಿ ಗಾಡ್‌ಫ್ರೆ ಮಾಡಿದ ಇನ್ನೊಂದು ಸಾಹಸ ಜಾಹೀರಾತುಗಳಿಗೆ ಸಂಬಂಧಿಸಿದ್ದು. ಪ್ರಾಯೋಜಕರು ಬರೆದು ಕಳುಹಿಸಿದ ಅತಿಶಯೋಕ್ತಿಗಳನ್ನು ಓದುತ್ತ ಓದುತ್ತಲೇ ಆತ ಗೇಲಿ ಮಾಡುತ್ತಿದ್ದ. ವಾಷಿಂಗ್ಟನ್‌ನ ತುಪ್ಪಳದ ಉಡುಪಿನ ಅಂಗಡಿಯೊಂದರ ಮುಂದೆ ನಿಲ್ಲಿಸಿದ್ದ ಹಿಮಕರಡಿಯ ಬೊಂಬೆ ಎಷ್ಟು ಕೊಳೆಯಾಗಿದೆ ಎಂದು ದಿನವೂ ಹಾಸ್ಯ ಮಾಡಿದ. ಅಂಗಡಿಯವರು ಮುನಿಯುವ ಬದಲು ಹಿಗ್ಗಿದರು, ಏಕೆಂದರೆ ಆ ಕರಡಿಯನ್ನು ನೋಡಲೆಂದೇ ಜನ ಬರತೊಡಗಿದ್ದರು. ಮುಂದೆ ಲಿಪ್ಟನ್ ಕಂಪನಿ ಪ್ರಾಯೋಜಕನಾದಾಗ ಅದರ ಕೋಳಿ ಸೂಪಿನಲ್ಲಿ ಕೋಳಿ ಎಲ್ಲಿ ಅಡಗಿದೆ ಎಂದು ಹುಡುಕುವ ಆಟ ಹೂಡಿದ. ಸೂಪಿನ ಮಾರಾಟ ಏರಿತು. ಮೇಲ್ನೋಟಕ್ಕೆ ವಿರೋಧಾಭಾಸವೆನಿಸುವ ಇದರ ಗುಟ್ಟು ಸರಳ. ಇಷ್ಟವಾಗದ ಪದಾರ್ಥದ ಜಾಹೀರಾತನ್ನು ಆತ ಒಪ್ಪಿಕೊಳ್ಳುವುದಿಲ್ಲ ಎಂಬುದು ಕೇಳುಗರಿಗೆ ತಿಳಿದಿತ್ತು. ಲೋಪವನ್ನು ಮುಚ್ಚಿಡದವನು ಗುಣವನ್ನು ಹೇಳಿದಾಗ ಜನ ನಂಬಿದರು. ಜಾಹೀರಾತುದಾರರಿಗೆ ಬೇಕಾಗಿದ್ದುದೂ ಅದೇ. ಅವರು ಕೊಳ್ಳುತ್ತಿದ್ದುದು ನಿಮಿಷಗಳನ್ನಲ್ಲ, ಆ ನಂಬಿಕೆಯನ್ನು.

1945ರ ಏಪ್ರಿಲ್ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ನಿಧನರಾದರು. ಎರಡು ದಿನಗಳ ನಂತರ ವಾಷಿಂಗ್ಟನ್‌ನ ಬೀದಿಗಳಲ್ಲಿ ಸಾಗಿದ ಅಂತಿಮ ಯಾತ್ರೆಯ ವಿವರಣೆಯನ್ನು ಇಡೀ ದೇಶಕ್ಕೆ ನೀಡುವ ಹೊಣೆ ಸಿಬಿಎಸ್ ಪರವಾಗಿ ಗಾಡ್‌ಫ್ರೆಯ ಪಾಲಿಗೆ ಬಂತು. ಮೆರವಣಿಗೆಯನ್ನು ಮೆಲುದನಿಯಲ್ಲಿ ವರ್ಣಿಸುತ್ತಿದ್ದ ಆತ, ಹೊಸ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಕಾರು ಎದುರಿಗೆ ಬಂದಾಗ, ಅವರ ಹೆಗಲೇರಿದ ಹೊರೆಯನ್ನು ನೆನೆದು ದೇವರ ಕೃಪೆಯನ್ನು ಕೋರುತ್ತಲೇ ಬಿಕ್ಕಿಬಿಟ್ಟ. ಮಾತು ಮುಂದುವರಿಸಲಾಗದೆ ಪ್ರಸಾರವನ್ನು ಸ್ಟುಡಿಯೊಗೆ ಒಪ್ಪಿಸಿದ. ತರಬೇತಾದ ಉದ್ಘೋಷಕನೊಬ್ಬನ ಪಾಲಿಗೆ ಇದು ವೈಫಲ್ಯ. ಆದರೆ ಅಂದು ರೇಡಿಯೊ ಮುಂದೆ ಕುಳಿತು ಅಳುತ್ತಿದ್ದ ಲಕ್ಷಾಂತರ ಮಂದಿಗೆ, ತಮ್ಮಂತೆಯೇ ಅತ್ತವನೊಬ್ಬ ಸಿಕ್ಕಂತಾಯಿತು. ಅದೇ ತಿಂಗಳ 30ರಂದು 'ಆರ್ಥರ್ ಗಾಡ್‌ಫ್ರೆ ಟೈಮ್' ಸಿಬಿಎಸ್‌ನ ರಾಷ್ಟ್ರೀಯ ಜಾಲದಲ್ಲಿ ಆರಂಭವಾಯಿತು. ವಾರದ ದಿನಗಳಲ್ಲಿ, ಗಂಡಸರು ಕಚೇರಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಗೃಹಿಣಿಯರಿಗೆ ಒಂದಿಷ್ಟು ಬಿಡುವು ಸಿಗುವ ಹೊತ್ತಿನಲ್ಲಿ ಅದು ಪ್ರಸಾರವಾಗುತ್ತಿತ್ತು. ಹಾಡುಗಾರರು, ಒಂದು ವಾದ್ಯವೃಂದ, ಮತ್ತು ನಡುವೆ ಬಿಡುವಿಲ್ಲದ ಮಾತು.

ಅಲ್ಲಿಂದ ಮುಂದಿನ ಏಳೆಂಟು ವರ್ಷ ಏರಿಕೆಯ ಕಥೆ. 1946ರಲ್ಲಿ ರೇಡಿಯೊದಲ್ಲಿ ಆರಂಭವಾದ 'ಟ್ಯಾಲೆಂಟ್ ಸ್ಕೌಟ್ಸ್' 1948ರ ಡಿಸೆಂಬರ್‌ನಲ್ಲಿ ಟೆಲಿವಿಷನ್‌ಗೂ ಬಂತು. ಹೊಸ ಪ್ರತಿಭೆಗಳನ್ನು ಕರೆತಂದು, ಸಭಿಕರ ಚಪ್ಪಾಳೆಯ ಪ್ರಮಾಣವನ್ನು ಯಂತ್ರದಿಂದ ಅಳೆದು ವಿಜೇತರನ್ನು ಆರಿಸುವ ಕಾರ್ಯಕ್ರಮವದು. ಇಂದಿನ ವಾಹಿನಿಗಳ ಗಾಯನ ಸ್ಪರ್ಧೆಗಳ ಹಿರಿಯಜ್ಜ ಎನ್ನಬಹುದು. ಗೆದ್ದವರಿಗೆ ಬೆಳಗಿನ ರೇಡಿಯೊ ಕಾರ್ಯಕ್ರಮದಲ್ಲಿ ಹಾಡುವ ಅವಕಾಶ. ಟೋನಿ ಬೆನೆಟ್, ರೋಸ್‌ಮರಿ ಕ್ಲೂನಿ, ಪ್ಯಾಟ್ ಬೂನ್ ಅಲ್ಲಿ ಹಾಡಿದರು. 1957ರ ಜನವರಿಯಲ್ಲಿ ಗೆದ್ದ ಪ್ಯಾಟ್ಸಿ ಕ್ಲೈನ್ ರಾತ್ರೋರಾತ್ರಿ ಮನೆಮಾತಾದಳು. 1955ರಲ್ಲಿ ಆಯ್ಕೆ ಪರೀಕ್ಷೆಗೆ ಬಂದಿದ್ದ ಎಲ್ವಿಸ್ ಪ್ರೆಸ್ಲಿಯನ್ನು ಮಾತ್ರ ಅಲ್ಲಿನವರು ಬಾಗಿಲಿನಿಂದಲೇ ವಾಪಸು ಕಳುಹಿಸಿದರು.

1949ರ ಜನವರಿಯಲ್ಲಿ ಮತ್ತೊಂದು ಟೆಲಿವಿಷನ್ ಕಾರ್ಯಕ್ರಮ 'ಆರ್ಥರ್ ಗಾಡ್‌ಫ್ರೆ ಆ್ಯಂಡ್ ಹಿಸ್ ಫ್ರೆಂಡ್ಸ್' ಸೇರಿಕೊಂಡಿತು. 1951–52ರ ಸಾಲಿನಲ್ಲಿ 'ಟ್ಯಾಲೆಂಟ್ ಸ್ಕೌಟ್ಸ್' ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮವಾಯಿತು. ಮರುವರ್ಷ ಎರಡನೆಯ ಹಾಗೂ ಮೂರನೆಯ ಸ್ಥಾನಗಳೆರಡೂ ಗಾಡ್‌ಫ್ರೆಯವೇ. ಸಿಬಿಎಸ್ ಸಂಸ್ಥೆಯ ಒಟ್ಟು ವರಮಾನದ ಎಂಟನೆಯ ಒಂದು ಭಾಗದಷ್ಟು ಈ ಒಬ್ಬ ಮನುಷ್ಯನಿಂದಲೇ ಬರುತ್ತಿತ್ತೆಂಬ ಲೆಕ್ಕ ಆಗ ಪ್ರಚಲಿತವಾಗಿತ್ತು. ನೌಕಾಪಡೆಯಲ್ಲಿ ಕಲಿತಿದ್ದ ಯುಕುಲೇಲಿ ಎಂಬ ಪುಟ್ಟ ತಂತಿವಾದ್ಯವನ್ನು ಟೆಲಿವಿಷನ್‌ನಲ್ಲಿ ಕಲಿಸಿಕೊಟ್ಟಾಗ, ಪ್ಲಾಸ್ಟಿಕ್ ಯುಕುಲೇಲಿಗಳು ದೇಶದಾದ್ಯಂತ ಲಕ್ಷಗಟ್ಟಲೆ ಮಾರಾಟವಾದವು.

ಆತನ ತಂಡದಲ್ಲಿ 'ಮ್ಯಾರಿನರ್ಸ್' ಎಂಬ ನಾಲ್ವರು ಗಾಯಕರಿದ್ದರು. ಇಬ್ಬರು ಕರಿಯರು, ಇಬ್ಬರು ಬಿಳಿಯರು. ಕರಿಯರೂ ಬಿಳಿಯರೂ ಒಂದೇ ವೇದಿಕೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು ಹಾಡುವುದು ದಕ್ಷಿಣದ ರಾಜ್ಯಗಳ ಕೆಲವರಿಗೆ ಸಹಿಸಲಾಗಲಿಲ್ಲ. 1952ರಲ್ಲಿ ಜಾರ್ಜಿಯಾದ ಗವರ್ನರ್ ಹರ್ಮನ್ ಟಾಲ್ಮಡ್ಜ್ ಇದನ್ನು ಬಹಿರಂಗವಾಗಿ ಖಂಡಿಸಿದಾಗ ಗಾಡ್‌ಫ್ರೆ ಬಗ್ಗಲಿಲ್ಲ. ಗಾಯಕರು ತನ್ನ ತಂಡದಲ್ಲಿಯೇ ಇರುತ್ತಾರೆಂದು ಸ್ಪಷ್ಟಪಡಿಸಿದ. ಮುಂದಿನ ಘಟನೆಗಳನ್ನು ಓದುವಾಗ ಈ ಮುಖವನ್ನೂ ಮರೆಯಲಾಗದು.

ತೆರೆಯ ಹಿಂದಿನ ಚಿತ್ರ ಬೇರೆಯದೇ ಇತ್ತು. ಕೇಳುಗರ ಪಾಲಿಗೆ ಸ್ನೇಹಿತರ ಬಳಗವಾಗಿದ್ದ ತಂಡವನ್ನು ಗಾಡ್‌ಫ್ರೆ ಆಳುತ್ತಿದ್ದುದು ಕಟ್ಟುನಿಟ್ಟಿನ ಯಜಮಾನನಂತೆ. ಹೊರಗಿನ ವ್ಯವಸ್ಥಾಪಕರನ್ನು ಯಾರೂ ನೇಮಿಸಿಕೊಳ್ಳುವಂತಿರಲಿಲ್ಲ. ಮನುಷ್ಯನ ದೇಹಸ್ಥಿತಿಯೂ ಆಗ ಚೆನ್ನಾಗಿರಲಿಲ್ಲ. ಅಪಘಾತದಿಂದ ಹಾಳಾಗಿದ್ದ ಸೊಂಟಕ್ಕೆ 1953ರಲ್ಲಿ ಬಾಸ್ಟನ್‌ನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಗಿತ್ತು. ಚೇತರಿಕೆಯ ದಿನಗಳಲ್ಲಿ ವರ್ಜೀನಿಯಾದ ಲೀಸ್‌ಬರ್ಗ್ ಬಳಿಯ ತನ್ನ ತೋಟದ ಮನೆಯಿಂದಲೇ ಪ್ರಸಾರ ನಡೆಸಿದ್ದ.

ಜೂಲಿಯಸ್ ಲಾ ರೋಸ ಎಂಬ ಯುವಕ ನೌಕಾಪಡೆಯಲ್ಲಿದ್ದಾಗ ಆತನ ಕಂಠವನ್ನು ಗುರುತಿಸಿ, 1951ರಲ್ಲಿ ಕರೆತಂದು ಹಾಡಿಸಿದವನು ಗಾಡ್‌ಫ್ರೆಯೇ. ಬೆಟ್ಟ ಹತ್ತಿಸಿದವನಿಗೇ ಹುಡುಗನ ಎತ್ತರ ಕಣ್ಣು ಕುಕ್ಕತೊಡಗಿತು. ಎರಡು ವರ್ಷದೊಳಗೆ ಲಾ ರೋಸನಿಗೆ ಬರುತ್ತಿದ್ದ ಅಭಿಮಾನಿಗಳ ಪತ್ರಗಳು ಯಜಮಾನನಿಗೆ ಬರುವ ಪತ್ರಗಳನ್ನು ಮೀರಿಸಿದವು. ಆತನ ಧ್ವನಿಮುದ್ರಿಕೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದವು. ತಂಡದವರೆಲ್ಲರೂ ಬ್ಯಾಲೆ ನೃತ್ಯ ಕಲಿಯಬೇಕೆಂಬ ನಿಯಮವಿದ್ದು, ಒಂದು ತರಗತಿಗೆ ಆತ ಗೈರುಹಾಜರಾದ. ಶಿಕ್ಷೆಯಾಗಿ ಮರುದಿನದ ಕಾರ್ಯಕ್ರಮದಿಂದ ಆತನನ್ನು ಹೊರಗಿಡಲಾಯಿತು. ಹುಡುಗ ವ್ಯವಸ್ಥಾಪಕನನ್ನು ನೇಮಿಸಿಕೊಂಡ. ಇನ್ನು ಮುಂದೆ ವ್ಯವಹಾರವೆಲ್ಲ ಆ ವ್ಯವಸ್ಥಾಪಕನ ಮೂಲಕ ನಡೆಯಬೇಕೆಂಬ ಪತ್ರ ಗಾಡ್‌ಫ್ರೆಯ ಮೇಜಿಗೆ ಬಂತು.

ಅದು 1953ರ ಅಕ್ಟೋಬರ್ 19, ಸೋಮವಾರದ ಬೆಳಗಿನ ಪ್ರಸಾರ. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಗಾಡ್‌ಫ್ರೆ ಲಾ ರೋಸನನ್ನು ಕರೆದು, ಆತ ತಂಡಕ್ಕೆ ಬಂದ ದಿನಗಳನ್ನು ಮೆಲುಕು ಹಾಕಿ, ಹಾಡೊಂದನ್ನು ಹಾಡಿಸಿದ. ಹಾಡು ಮುಗಿಯಿತು. ಎಂದಿನ ಅದೇ ಆತ್ಮೀಯ ಧ್ವನಿಯಲ್ಲಿ, ಇದು ಜೂಲಿಯಸ್‌ನ ಕೊನೆಯ ಹಾಡು, ಆತ ಇನ್ನು ಸ್ವತಂತ್ರನಾಗಿ ಹೊರಡುತ್ತಿದ್ದಾನೆ ಎಂದು ಕೇಳುಗರಿಗೆ ತಿಳಿಸಿ ಕಾರ್ಯಕ್ರಮ ಮುಗಿಸಿದ. ತನ್ನನ್ನು ಕೆಲಸದಿಂದ ತೆಗೆಯಲಾಗಿದೆ ಎಂಬುದು ಹಾಡಿದವನಿಗೇ ತಕ್ಷಣಕ್ಕೆ ಅರ್ಥವಾಗಲಿಲ್ಲ.

ಕೇಳುಗರಿಗೂ ಹಾಗೆಯೇ. ಅರ್ಥವಾದ ಮೇಲೆ ಮಾತ್ರ ಕ್ಷಮಿಸಲಿಲ್ಲ. ಪತ್ರಕರ್ತರ ಪ್ರಶ್ನೆಗಳು ಎದುರಾದಾಗ, ಹುಡುಗನಲ್ಲಿ ವಿನಯ ಉಳಿದಿರಲಿಲ್ಲವೆಂದು ಗಾಡ್‌ಫ್ರೆ ಕಾರಣ ಕೊಟ್ಟ. ಈ ವಿವರಣೆ ಗಾಯಕ್ಕೆ ಉಪ್ಪು ಸವರಿದಂತಾಯಿತು. ಕೋಟ್ಯಧೀಶನೊಬ್ಬ ಇಪ್ಪತ್ಮೂರರ ತರುಣನಿಗೆ ವಿನಯ ಕಲಿಸಿದ್ದು ಹಾಸ್ಯಗಾರರಿಗೆಲ್ಲ ವರ್ಷಗಟ್ಟಲೆ ಸರಕಾಯಿತು. ಲಾ ರೋಸ ಕೆಲವೇ ದಿನಗಳಲ್ಲಿ ಎಡ್ ಸಲ್ಲಿವನ್‌ನ ಜನಪ್ರಿಯ ಕಾರ್ಯಕ್ರಮದಲ್ಲಿ ಹಾಡಿದ. ಬೇರೊಬ್ಬ ಯಜಮಾನ ಇದೇ ಕೆಲಸ ಮಾಡಿದ್ದರೆ ಅದು ಎರಡು ದಿನದ ಸುದ್ದಿಯಾಗಿ ಮುಗಿಯುತ್ತಿತ್ತೇನೋ. ಆದರೆ ಪ್ರತಿ ಮನೆಯ ಅಡುಗೆಕೋಣೆಯಲ್ಲಿ ಒಬ್ಬೊಬ್ಬರನ್ನೇ ಮಾತನಾಡಿಸಿದ್ದವನು ಗಾಡ್‌ಫ್ರೆ. ಮನೆಗೆ ದಿನವೂ ಬರುವ ಸ್ನೇಹಿತ ತಮ್ಮ ಕಣ್ಣೆದುರೇ ಇನ್ನೊಬ್ಬರನ್ನು ಅವಮಾನಿಸಿದಂತೆ ಕೇಳುಗರಿಗೆ ಭಾಸವಾಯಿತು. ಅದುವರೆಗೆ ಕೇಳಿದ ನಗುವಿನಲ್ಲಿ ಎಷ್ಟು ನಿಜ ಎಂಬ ಅನುಮಾನ ಹುಟ್ಟಿದ್ದೂ ಅಂದೇ.

ಅಲ್ಲಿಗೇ ನಿಲ್ಲಲಿಲ್ಲ. ವಾದ್ಯವೃಂದದ ಮುಖ್ಯಸ್ಥ ಆರ್ಚಿ ಬ್ಲೈಯರ್ ಕೂಡ ಅದೇ ಹೊತ್ತಿಗೆ ಹೊರಬಿದ್ದ. ಆತನ ಧ್ವನಿಮುದ್ರಣ ಕಂಪನಿಯು ಷಿಕಾಗೋದ ಡಾನ್ ಮೆಕ್‌ನೀಲ್‌ನ ಧ್ವನಿಮುದ್ರಿಕೆ ಹೊರತರಲು ಮುಂದಾದದ್ದು ಗಾಡ್‌ಫ್ರೆಯ ಸಿಟ್ಟಿಗೆ ಕಾರಣ. ಮೆಕ್‌ನೀಲ್ 1933ರಿಂದ 1968ರವರೆಗೆ 'ಬ್ರೇಕ್‌ಫಾಸ್ಟ್ ಕ್ಲಬ್' ಎಂಬ ಬೆಳಗಿನ ಕಾರ್ಯಕ್ರಮ ನಡೆಸಿದ ಪ್ರತಿಸ್ಪರ್ಧಿ. 1955ರಲ್ಲಿ ಗಾಯಕಿಯರಾದ ಮರಿಯನ್ ಮಾರ್ಲೊ, ಹಲೆಲೋಕೆ ಮತ್ತು, ಒಂದು ಕಾಲಕ್ಕೆ ಗವರ್ನರನ ವಿರುದ್ಧವೇ ನಿಂತು ಉಳಿಸಿಕೊಂಡಿದ್ದ, ಮ್ಯಾರಿನರ್ಸ್ ತಂಡಕ್ಕೂ ಬಾಗಿಲು ತೋರಿಸಲಾಯಿತು. ಈ ನಡುವೆ 1954ರ ಜನವರಿಯಲ್ಲಿ ನ್ಯೂಜೆರ್ಸಿಯ ಟೆಟರ್‌ಬರೊ ವಿಮಾನ ನಿಲ್ದಾಣದಿಂದ ತನ್ನ ವಿಮಾನ ಹಾರಿಸಿಕೊಂಡು ಹೊರಟವನು ನಿಯಂತ್ರಣ ಗೋಪುರದ ತೀರಾ ಸಮೀಪ ಹಾದುಹೋದ ಆರೋಪಕ್ಕೆ ಸಿಲುಕಿದ. ಚಾಲನಾ ಪರವಾನಗಿ ಆರು ತಿಂಗಳು ಅಮಾನತಾಯಿತು. ಹಿಂದೆ ತುಂಟತನವೆಂದು ನಗುತ್ತಿದ್ದ ಜನ ಈಗ ಅದರಲ್ಲಿ ದರ್ಪವನ್ನು ಕಂಡರು. 1957ರಲ್ಲಿ ತೆರೆಕಂಡ ಇಲಿಯ ಕಜಾನ್ ನಿರ್ದೇಶನದ 'ಎ ಫೇಸ್ ಇನ್ ದ ಕ್ರೌಡ್' ಚಿತ್ರದಲ್ಲಿ, ಜನರ ಆಪ್ತನೆನಿಸಿದ ಪ್ರಸಾರಕನೊಬ್ಬ ಮೈಕ್ ಮುಚ್ಚಿದೆಯೆಂದು ತಿಳಿದು ಆಡಿದ ಮಾತಿನಿಂದ ಬೀಳುತ್ತಾನೆ. ಅನೇಕರು ಆ ಪಾತ್ರದಲ್ಲಿ ಗಾಡ್‌ಫ್ರೆಯ ಛಾಯೆಯನ್ನು ಗುರುತಿಸಿದರು. ಗಾಡ್‌ಫ್ರೆಯ ಮೈಕ್ ಮಾತ್ರ ಮುಚ್ಚಿರಲಿಲ್ಲ. ಆತ ತಿಳಿದೇ ಮಾತನಾಡಿದ್ದ.

1959ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಸಿಗರೇಟು ಕಂಪನಿಯೊಂದರ ಜಾಹೀರಾತನ್ನು ವರ್ಷಗಟ್ಟಲೆ ಓದಿದ್ದ ಮನುಷ್ಯನೇ ಆತ. ಕ್ಯಾನ್ಸರ್ ಎಂಬ ಪದವನ್ನು ಜನ ಪಿಸುದನಿಯಲ್ಲಿ ಹೇಳುತ್ತಿದ್ದ ಕಾಲದಲ್ಲಿ ಗಾಡ್‌ಫ್ರೆ ತನ್ನ ರೋಗವನ್ನು ಬಹಿರಂಗವಾಗಿಯೇ ತಿಳಿಸಿ, ವೀಕ್ಷಕರಿಗೆ ವಿದಾಯ ಹೇಳಿದ. ಶ್ವಾಸಕೋಶದ ಒಂದು ಭಾಗವನ್ನು ತೆಗೆದ ಬಳಿಕ, ಎಲ್ಲರ ನಿರೀಕ್ಷೆ ಮೀರಿ ಬದುಕುಳಿದ. ಟೆಲಿವಿಷನ್‌ನಲ್ಲಿ ಮತ್ತೆ ಹಳೆಯ ಸ್ಥಾನ ಸಿಗಲಿಲ್ಲ. 'ಕ್ಯಾಂಡಿಡ್ ಕ್ಯಾಮೆರಾ' ಕಾರ್ಯಕ್ರಮದ ಸಹನಿರೂಪಕನಾಗಿ ಒಂದು ವರ್ಷವಷ್ಟೇ ಉಳಿದ. ಆದರೆ ರೇಡಿಯೊ ಆತನನ್ನು ಕೈಬಿಡಲಿಲ್ಲ. ಬೆಳಗಿನ ಕಾರ್ಯಕ್ರಮ ಮುಂದುವರಿಯಿತು. ಮುಂಜಾಗ್ರತೆಯ ವೈದ್ಯಕೀಯ ತಪಾಸಣೆಯ ಬಗ್ಗೆ, ನಂತರ ಪರಿಸರದ ಬಗ್ಗೆ ಆತ ಮಾತನಾಡತೊಡಗಿದ. ತಾನೇ ಪ್ರಚಾರ ಮಾಡುತ್ತಿದ್ದ ಬಟ್ಟೆ ತೊಳೆಯುವ ಪುಡಿಯಲ್ಲಿ ಕೆರೆ ನದಿಗಳನ್ನು ಕೆಡಿಸುವ ಫಾಸ್ಫೇಟ್ ಇದೆಯೆಂದು ತಿಳಿದಾಗ ಆ ಜಾಹೀರಾತಿನಿಂದ ಹಿಂದೆ ಸರಿದ. ಒಪ್ಪದ ಪದಾರ್ಥವನ್ನು ಮಾರುವುದಿಲ್ಲವೆಂಬ ವಾಷಿಂಗ್ಟನ್ ದಿನಗಳ ಹಠ ಪೂರ್ತಿ ಆರಿರಲಿಲ್ಲ.

1966ರ ಜೂನ್‌ನಲ್ಲಿ, 62ರ ವಯಸ್ಸಿನಲ್ಲಿ, ಮೂವರು ಸಹಚಾಲಕರೊಂದಿಗೆ ಸಣ್ಣ ಜೆಟ್ ವಿಮಾನವೊಂದರಲ್ಲಿ ಭೂಮಿಯನ್ನು ಸುತ್ತಿ ಬಂದ. ಹಿಡಿದದ್ದು 86 ಗಂಟೆ 9 ನಿಮಿಷ. ಒಂದು ಶ್ವಾಸಕೋಶವನ್ನು ಭಾಗಶಃ ಕಳೆದುಕೊಂಡ, ಕೃತಕ ಸೊಂಟದ ಮನುಷ್ಯನಿಗೆ ಇದು ಸಾಮಾನ್ಯ ಸಾಧನೆಯಲ್ಲ.

'ಆರ್ಥರ್ ಗಾಡ್‌ಫ್ರೆ ಟೈಮ್' ಕೊನೆಯ ಬಾರಿಗೆ ಪ್ರಸಾರವಾದದ್ದು 1972ರ ಏಪ್ರಿಲ್ 30ರಂದು, ಆರಂಭವಾದ ದಿನಕ್ಕೆ ಸರಿಯಾಗಿ 27 ವರ್ಷ ತುಂಬಿದಾಗ. ಆ ವೇಳೆಗೆ ಹಳೆಯ ಶೈಲಿಯ ಹಾಡು ಹರಟೆಯ ಕಾರ್ಯಕ್ರಮಗಳು ಅಮೆರಿಕದ ರೇಡಿಯೊ ಜಾಲಗಳಿಂದ ಬಹುತೇಕ ಮರೆಯಾಗಿದ್ದವು. 1983ರ ಮಾರ್ಚ್ 16ರಂದು ನ್ಯೂಯಾರ್ಕ್‌ನಲ್ಲಿ, 79ರ ವಯಸ್ಸಿನಲ್ಲಿ ಗಾಡ್‌ಫ್ರೆ ಕೊನೆಯುಸಿರೆಳೆದ. ಲಾ ರೋಸ 2016ರವರೆಗೆ ಬದುಕಿದ್ದ. ಗಾಡ್‌ಫ್ರೆ ತನ್ನೊಡನೆ ಒಳ್ಳೆಯವನಾಗಿ ನಡೆದುಕೊಳ್ಳಲಿಲ್ಲ ಎಂಬುದನ್ನೂ, ತನ್ನ ವೃತ್ತಿಜೀವನವನ್ನು ರೂಪಿಸಿದವನು ಆತನೇ ಎಂಬುದನ್ನೂ ಆತ ಒಟ್ಟಿಗೇ ಹೇಳುತ್ತಿದ್ದ.

ಗಾಡ್‌ಫ್ರೆಯ ಸಮಾಧಿ ಇರುವುದು ಲೀಸ್‌ಬರ್ಗ್‌ನಲ್ಲಿ. ವಾರಾಂತ್ಯ ಮುಗಿದೊಡನೆ ಬೆಳಗಿನ ಪ್ರಸಾರಕ್ಕಾಗಿ ನ್ಯೂಯಾರ್ಕ್‌ಗೆ ಆತ ತನ್ನದೇ ವಿಮಾನದಲ್ಲಿ ಹಾರುತ್ತಿದ್ದುದು ಆ ಪುಟ್ಟ ಊರಿನಿಂದಲೇ. ವಿಮಾನದ ಸದ್ದಿನ ಬಗ್ಗೆ ಊರಿನವರು ದೂರಿದಾಗ ಊರಾಚೆ ಹೊಸ ನಿಲ್ದಾಣ ನಿರ್ಮಾಣವಾಗಲು ಆತ ನೆರವಾದ. ಗೋಪುರದ ಬಳಿ ಹಾರಿ ಪರವಾನಗಿ ಕಳೆದುಕೊಂಡಿದ್ದ ಮನುಷ್ಯನ ಹೆಸರನ್ನು ಆ ವಿಮಾನ ನಿಲ್ದಾಣ ಇಂದಿಗೂ ಹೊತ್ತಿದೆ.